‘ಮುಟ್ಟಬೇಡಿ’ ಎನ್ನುವವರು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಸರ್ವರ್‌ಗಳನ್ನು, ಅಂದರೆ ಹಲವರ ಕೆಲಸವನ್ನು ಹಗಲಿರುಳು ಹೊತ್ತು ನಿಂತ ಯಂತ್ರಗಳನ್ನು, ಕಾಯುವ ಹಿರಿಯರಲ್ಲಿ ಒಂದು ಪ್ರಭೇದವಿದ್ದು, ಕೇಳಿದ ಯಾವ ಪ್ರಶ್ನೆಗೂ ಮೊದಲು ‘ಮುಟ್ಟಬೇಡಿ’ ಎನ್ನುವುದೇ ಅದರ ಮುಖ್ಯ ಲಕ್ಷಣವಾಗಿದೆ. ಏಸಿಯ ಚಳಿಗೆ ಮೇ ತಿಂಗಳಲ್ಲೂ ಸ್ವೆಟರ್ ತೊಡುವುದು, ಪಾಸ್‌ವರ್ಡ್ ಟೈಪಿಸುವಾಗ ಮಡಿಯಲ್ಲಿರುವವರಂತೆ ಪಕ್ಕದವರನ್ನು ದೂರ ಸರಿಸುವುದು ಮೊದಲಾದವು ಸಹ್ಯ. ಸಹಿಸಲಾಗದ್ದು ಅವರ ಯಮ್ ಪುರಾಣ.

ಯಮ್ ಎಂಬುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶಗಳನ್ನು ತಂದು ಕೂರಿಸುವ ಉಪಕರಣ. 2014ರಲ್ಲಿ ಬಂದ ಆ ವ್ಯವಸ್ಥೆಯ ಜೊತೆಗೇ ಪೈಥಾನ್ ಭಾಷೆಯ 2.7.5 ಆವೃತ್ತಿ ಬಂದಿತ್ತು. ಪೈಥಾನ್‌ನ ಎರಡನೆಯ ಪೀಳಿಗೆಯಲ್ಲೇ ಬರೆದ ಯಮ್, ‘ಪೈಥಾನ್’ ಎಂಬ ಹೆಸರಿಗೆ ಓಗೊಡುವವರೇ ತನ್ನನ್ನು ನಡೆಸಬೇಕೆಂದು ತನ್ನ ಮೊದಲ ಸಾಲಿನಲ್ಲೇ ಕಟ್ಟಪ್ಪಣೆ ಮಾಡಿರುತ್ತದೆ. ಆ ಹೆಸರಾದರೋ ಬಾಗಿಲ ಫಲಕದಂತೆ ಒಳಗಿರುವವರನ್ನು ತೋರಿಸುವ ಕೊಂಡಿ ಮಾತ್ರ. ಅದನ್ನು ಯಾರಾದರೂ ಪೈಥಾನ್ 3ರತ್ತ ತಿರುಗಿಸಿದರೆ, ಹಳೆಯ ಪೀಳಿಗೆ ಅಲ್ಪವಿರಾಮ ಹಾಕಿ ಬರೆಯುತ್ತಿದ್ದ ‘ಎಕ್ಸೆಪ್ಟ್’ ವಾಕ್ಯ ಹೊಸದಕ್ಕೆ ವ್ಯಾಕರಣದೋಷವಾಗಿ ಕಂಡು, ಹೆಸರು ಯಮ್ ಆದರೂ ಸಾಯುವುದು ಅದೇ.

ಈ ಪುರಾಣದ ದೋಷ ಅಸತ್ಯವಲ್ಲ, ದೈರ್ಘ್ಯ. ಹನ್ನೊಂದು ಗಂಟೆಗೆ ಒಬ್ಬ ತರುಣ ಪೈಥಾನ್ 3.8 ಕೇಳಿದರೆ, ಇಂಥ ಹಿರಿಯರೊಬ್ಬರು ಸೆಂಟ್‌ಓಎಸ್ 6ರ ಪೈಥಾನ್ 2.6ರಿಂದ ಆರಂಭಿಸಿ, 3.0 ಬಿಡುಗಡೆಯಾದ 2008ರ ಡಿಸೆಂಬರಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಪ್ರಸ್ತುತ ಲೇಖಕ ಆ ಊಟ ತಪ್ಪಿಸಿಕೊಂಡವರಲ್ಲೊಬ್ಬನೆಂಬುದನ್ನೂ, ಒಂದು ರಾತ್ರಿ ಪುರಾಣಕ್ಕೆ ಕಾಯದೆ ಕೊಂಡಿ ತಿರುಗಿಸಿದ ಮಹಾನುಭಾವ ಅವನೇ ಎಂಬುದನ್ನೂ ಮುಚ್ಚಿಡುವುದು ಗ್ರಂಥಧರ್ಮಕ್ಕೆ ತಕ್ಕುದಲ್ಲ. ಹಿರಿಯರು ಬೆಳಗ್ಗೆ ಬಂದು, ಒಂದೇ ಆಜ್ಞೆಯಲ್ಲಿ ಕೊಂಡಿಯನ್ನು ಹಳೆಯ ಜಾಗಕ್ಕೆ ಸೇರಿಸಿ, ಮೇಲಧಿಕಾರಿಗೆ ಚಕಾರವೆತ್ತದೆ, “ಮುಟ್ಟಬೇಡಪ್ಪಾ ಅಂದಿದ್ದೆ” ಎಂದಷ್ಟೇ ಹೇಳಿ ಪುರಾಣವನ್ನು ಮೊದಲಿನಿಂದ ಹಿಡಿದರು.

ಅವರ ಪದ್ಧತಿ ಅತ್ತೆಯ ಒಲೆ ಕೀಳದೆ ಪಕ್ಕದಲ್ಲಿ ಸೊಸೆಗೊಂದು ಒಲೆ ಹೂಡುವಂಥದು. ಮೂಲ ಆಕರವನ್ನು ಅಲ್ಲೇ ಕಟ್ಟಿ, ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಎಂಬ ಆಜ್ಞೆ ಕೊಟ್ಟರೆ, ಹೊಸ ಆವೃತ್ತಿ ‘ಪೈಥಾನ್ 3.8’ ಎಂಬ ಸ್ವಂತ ಹೆಸರಿನಲ್ಲಿ ಬೇರೆ ಕಡತಕೋಶದಲ್ಲಿ ನೆಲೆಸಿ, ಹಳೆಯದರ ಹೆಸರಿಗೆ ಕೈಹಾಕುವುದಿಲ್ಲ.

ಈಗ ಕಂಟೇನರುಗಳ ಕಾಲ. ಪ್ರತಿಯೊಂದು ತಂತ್ರಾಂಶವೂ ಬುತ್ತಿ ಕಟ್ಟಿಕೊಂಡಂತೆ ತನ್ನ ಪೈಥಾನನ್ನು ತಾನೇ ಹೊತ್ತು ಬರುವುದರಿಂದ, ಸ್ವೆಟರಿನವರ ಮೇಜಿನ ಬಳಿ ಕೇಳಲು ಯಾರೂ ನಿಲ್ಲುವುದಿಲ್ಲ. ಸೆಂಟ್‌ಓಎಸ್ 7ರ ಪೋಷಣೆಯೂ 2024ರ ಜೂನ್ 30ಕ್ಕೆ ನಿಂತು, ಪುರಾಣಕ್ಕೆ ಶ್ರೋತೃಗಳಿರಲಿ, ಕಥಾನಾಯಕನೇ ಇಲ್ಲದಂತಾಯಿತು. ಲೇಖನ ಶೋಕದ ಕಡೆ ವಾಲುತ್ತಿರುವುದು ಉದ್ದೇಶಪೂರ್ವಕವಲ್ಲ. ಹಳೆಯ ಸರ್ವರ್ ಇನ್ನೂ ಉಳಿದಿರುವ ಕಚೇರಿಗಳ ತರುಣರಲ್ಲಿ ಕೋರಿಕೆಯೆಂದರೆ, ‘ಇನ್‌ಸ್ಟಾಲ್’ ಎಂಬುದರ ಹಿಂದೆ ‘ಆಲ್ಟ್’ ಎಂದು ಸೇರಿಸಿ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ.