ಮನೆಯಲ್ಲೇ ಇರುವ ಸಾಮಗ್ರಿ

ಅಡುಗೆ ಹೇಳಿಕೊಡುವವರೆಲ್ಲ ಶುರುವಿನಲ್ಲೇ ಒಂದು ಭರವಸೆ ಕೊಟ್ಟುಬಿಡುತ್ತಾರೆ: ‘ಮನೆಯಲ್ಲೇ ಇರುವ ಸಾಮಗ್ರಿಗಳಿಂದ, ಕಡಿಮೆ ಖರ್ಚಿನಲ್ಲಿ, ಹತ್ತೇ ನಿಮಿಷದಲ್ಲಿ.’ ಆ ಮನೆ ಯಾವ ಬಡಾವಣೆಯಲ್ಲಿದೆಯೋ ನನಗಿನ್ನೂ ಪತ್ತೆಯಾಗಿಲ್ಲ. ಅಲ್ಲಿ ಫ್ರಿಜ್ಜು ತೆಗೆದರೆ ಫ್ರೆಶ್ ಕ್ರೀಮು ಇರುತ್ತದೆ, ಡಬ್ಬಿ ತೆಗೆದರೆ ಆರಿಗಾನೊ ಇರುತ್ತದೆ, ಬೆಂದ ಆಲೂಗಡ್ಡೆಗಳು ತಾವೇ ಸಿಪ್ಪೆ ಸುಲಿದುಕೊಂಡು ಬಟ್ಟಲಲ್ಲಿ ಕೂತಿರುತ್ತವೆ. ಹತ್ತು ನಿಮಿಷ ಎಂಬುದು ನೆನೆಸಿ, ರುಬ್ಬಿ, ಹೆಚ್ಚಿ, ಹುರಿದು ಎಲ್ಲ ಮುಗಿದ ಮೇಲಿನ ಹತ್ತು ನಿಮಿಷ. ಆಮೇಲೆ ಪಾತ್ರೆ ತೊಳೆಯುವ ಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೈಸೂರಿನ ನಮ್ಮ ಮನೆಯಲ್ಲಿ ನಿಜವಾಗಿ ಸದಾ ಇರುವುದು ಅರ್ಧ ಹೋಳು ತೆಂಗಿನಕಾಯಿ, ಹುಳಿ ಬಂದ ಮೊಸರು, ಯಾರೂ ಮುಟ್ಟದೆ ಕಪ್ಪಾಗುತ್ತಿರುವ ಎರಡು ಬಾಳೆಹಣ್ಣು ಮತ್ತು ‘ಏನು ತಿಂಡಿ?’ ಎಂಬ ಪ್ರಶ್ನೆ. ಇವಿಷ್ಟನ್ನೇ ನಂಬಿ ತಿಂಡಿ ಮಾಡಿದವರು ಕರಾವಳಿಯವರು. ಕಪ್ಪಾದ ಬಾಳೆಹಣ್ಣನ್ನು ಕಿವುಚಿ, ಹುಳಿ ಮೊಸರು, ಸಕ್ಕರೆ, ಚಿಟಿಕೆ ಸೋಡಾ, ಜೀರಿಗೆ ಸೇರಿಸಿ ಮೈದಾ ಕಲಸಿ ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಬನ್ಸ್. ಕೆಡುತ್ತಿದ್ದ ಎರಡು ಪದಾರ್ಥಗಳನ್ನು ಒಟ್ಟಿಗೆ ಸೇರಿಸಿ ಎರಡನ್ನೂ ಉಳಿಸಿದ ಈ ತಿಂಡಿಯನ್ನು ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುವಾಗ ನನಗೆ ಒಳಗೊಳಗೇ ನಗು ಬರುತ್ತದೆ.

ನಮ್ಮ ಮನೆಯ ಮಿತವ್ಯಯಕ್ಕೆ ಮೂರು ಇಲಾಖೆಗಳಿವೆ. ಮೊದಲನೆಯದು ನಮ್ಮ ಯಜಮಾನರದು. ಅವರ ನೌಕರಿಯೇ ಲೆಕ್ಕ ತಪಾಸಣೆ. ಕಚೇರಿಯಲ್ಲಿ ಆಕ್ಷೇಪಣೆ ಬರೆದು ಮುಗಿಯದ್ದನ್ನು ಮನೆಗೆ ತಂದು ಮುಗಿಸುತ್ತಾರೆ. ಎರಡನೆಯದು ಮಳವಳ್ಳಿ ಕಡೆಯ ನಮ್ಮ ಅತ್ತೆಯವರದು. ಲೆಕ್ಕ ಬರೆಯದೆಯೇ ಸಂಸಾರ ತೂಗಿಸಿದವರು. ಮೂರನೆಯದು ಪಿಯುಸಿ ಓದುತ್ತಿರುವ ಮಗಳದು. ಅವಳ ಪ್ರಕಾರ ಹೊಸ ಪಾತ್ರೆ ಕೊಳ್ಳದೆ ಉಳಿತಾಯ ಸಾಧ್ಯವೇ ಇಲ್ಲ. ಮಗ ಯಾವ ಇಲಾಖೆಗೂ ಸೇರಿಲ್ಲ, ಅವನು ಫಲಾನುಭವಿ.

ಕೇಕಿನ ಪ್ರಸ್ತಾವ ಬಂದಿದ್ದು ಮೂರನೇ ಇಲಾಖೆಯಿಂದ. ಬೇಕರಿಯಲ್ಲಿ ಕೊಡುವ ದುಡ್ಡಿನ ಅರ್ಧಕ್ಕೆ ಮನೆಯಲ್ಲೇ ಆಗುತ್ತದೆ ಎಂದು ಮಗಳು ಪಟ್ಟಿ ಓದಿದಳು: ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಅರ್ಧ ಟೀ ಚಮಚ ಸೋಡಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಒಂದಿಷ್ಟು ವೆನಿಲಾ ಎಸೆನ್ಸ್. ಮೊಟ್ಟೆ ಬೇಡ, ಬೆಣ್ಣೆ ಬೇಡ. ಯಜಮಾನರು ತಲೆದೂಗಿದರು. ಪಟ್ಟಿಯ ಎರಡನೇ ಪುಟದಲ್ಲಿ ಅಳತೆಯ ಕಪ್ಪುಗಳು, ಕೇಕ್ ಟಿನ್ನು, ಬಟರ್ ಪೇಪರು ಮತ್ತು ಕೊನೆಗೆ, ಸಣ್ಣ ದನಿಯಲ್ಲಿ, ಒಂದು ಒವನ್ನು ಬಂತು.

“ಮೊದಲನೇ ಪುಟ ಕಂದಾಯ ವೆಚ್ಚ. ಎರಡನೇ ಪುಟ ಬಂಡವಾಳ ವೆಚ್ಚ,” ಎಂದು ಕನ್ನಡಕ ಸರಿಮಾಡಿಕೊಂಡರು. “ವಾರಕ್ಕೊಂದು ಕೇಕು ಅಂತ ವರ್ಷಗಟ್ಟಲೆ ತಿಂದ್ರೆ ಒವನ್ನಿನ ದುಡ್ಡು ಹುಟ್ಟುತ್ತೆ. ಅಷ್ಟು ಕೇಕು ತಿಂದವರ ಸಕ್ಕರೆ ಕಾಯಿಲೆ ಬಿಲ್ಲನ್ನ ಯಾವ ಬಾಬ್ತಿಗೆ ಹಾಕ್ಲಿ?”

“ಒವನ್ನಿಗೆ ಕರೆಂಟು ಫ್ರೀ ಅಲ್ವಾ ಅಪ್ಪಾ?” ಎಂದು ಮಗಳು ಕೇಳಿದ್ದೇ ತಡ, ಗೃಹಜ್ಯೋತಿಯ ಮೇಲೆ ಉಪನ್ಯಾಸ ಶುರುವಾಯಿತು. 2023ರಲ್ಲಿ ಬಂದ ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಆದರೆ ನಮ್ಮ ಪಾಲಿನ ಉಚಿತ ನಮ್ಮದೇ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಆ ವರ್ಷ ಮಿತವಾಗಿ ದೀಪ ಉರಿಸಿದ ಸಂಸಾರಗಳಿಗೆ ಈಗಲೂ ಮಿತವಾದ ಉಚಿತವೇ. ನಮ್ಮದು ಅಂಥ ಸಂಸಾರ. ಅಂದರೆ ಯಜಮಾನರು ಅಂದು ಕೋಣೆ ಕೋಣೆಗೆ ಹೋಗಿ ಆರಿಸಿದ ಸ್ವಿಚ್ಚುಗಳೇ ಇಂದು ನಮಗೆ ಎದುರು ನಿಂತಿವೆ. 1500 ವ್ಯಾಟಿನ ಒವನ್ನು ಕಾಯುವುದಕ್ಕೂ ಬೇಯಿಸುವುದಕ್ಕೂ ಸೇರಿ ಕೇಕೊಂದಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ಟು ನುಂಗುತ್ತದೆ ಎಂಬಲ್ಲಿಗೆ ಪ್ರಸ್ತಾವ ಬಿದ್ದುಹೋಯಿತು.

ಉಳಿದದ್ದು ಕುಕ್ಕರು. ಕುಕ್ಕರಿನಲ್ಲಿ ಕೇಕು ಮಾಡುವುದು ಕಷ್ಟವಲ್ಲ, ನೋಡುವವರಿಗೆ ಕಷ್ಟ. ಮುಚ್ಚಳದ ರಬ್ಬರು ತೆಗೆಯಬೇಕು, ಸೀಟಿಯನ್ನೂ ತೆಗೆಯಬೇಕು. ತಳದಲ್ಲಿ ಒಂದು ಪದರ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡು ಇಟ್ಟು, ಖಾಲಿ ಕುಕ್ಕರನ್ನೇ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಟಿನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು ನಲವತ್ತೈದು ನಿಮಿಷ. ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿ ನೀರಿಲ್ಲದೆ ಒಲೆಯ ಮೇಲೆ ಇಡಬೇಡಿ ಎಂದು ಬರೆದಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ನಿವೃತ್ತಿಯ ಅಂಚಿನಲ್ಲಿರುವ ಹಳೆಯ ಕುಕ್ಕರೇ ಸರಿ.

“ಏನವ್ವಾ, ಬರೀ ಉಪ್ಪು ಬೇಯುಸ್ತಾ ಇದ್ದೀಯಾ?” ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಮುಕ್ಕಾಲು ಗಂಟೆ ಸೀಟಿಯೇ ಹೊಡೆಯದ ಕುಕ್ಕರನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಎರಡೆರಡು ಸಲ ಬಂದು “ಸತ್ತೋಗದೆ ಕಣವ್ವಾ ಅದು, ಇಳುಸು” ಎಂದರು. ಕೇಕು ಇಳಿದ ಮೇಲೆ, ಆ ಉಪ್ಪು ಇನ್ನು ಅಡುಗೆಗೆ ಬರುವುದಿಲ್ಲ ಎಂದೆ. “ಬರಾಕಿಲ್ಲ ಅಂತ ಎಸೆಯಕ್ಕಾಯ್ತದಾ?” ಎಂದು ಅದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಎತ್ತಿಟ್ಟರು. ಅವರು ಮಾಡಿದ್ದೇ ಸರಿ. ಮುಂದಿನ ಕೇಕುಗಳಿಗೂ ಅದೇ ಉಪ್ಪು ನಡೆಯುತ್ತದೆ.

ಈ ಕೇಕಿಗೆ ಜೀವ ಕೊಡುವುದು ಸೋಡಾ. ಬೇಕಿಂಗ್ ಸೋಡಾ ಎಂದು ಚಿಕ್ಕ ಡಬ್ಬಿಯಲ್ಲಿ ದೊಡ್ಡ ಬೆಲೆಗೆ ಮಾರುವುದೂ ನಮ್ಮ ಶೆಟ್ಟರ ಅಂಗಡಿಯ ಅಡುಗೆ ಸೋಡಾವೂ ಒಂದೇ, ಸೋಡಿಯಂ ಬೈಕಾರ್ಬನೇಟು. ಅದಕ್ಕೆ ಹುಳಿ ಸಿಕ್ಕರೆ ಇಂಗಾಲದ ಡೈಆಕ್ಸೈಡು ಬಿಡುತ್ತದೆ, ಆ ಗಾಳಿಯೇ ಹಿಟ್ಟನ್ನು ಎತ್ತುತ್ತದೆ. ಮೊಸರು ಹುಳಿ ಕೊಡುತ್ತದೆ, ಆದ್ದರಿಂದ ಮೊಟ್ಟೆಯ ಹಂಗಿಲ್ಲ. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಹುಳಿಯೂ ಒಣ ಪುಡಿಯಾಗಿ ಸೇರಿರುತ್ತದೆ. ಕಷ್ಟ ಏನೆಂದರೆ ಕಲಸಿದ ಕೂಡಲೇ ಗಾಳಿ ಹೊರಡಲು ಶುರು. ಹಿಟ್ಟು ಕಾಯುವುದಿಲ್ಲ. ಹಿಟ್ಟು ಕಲಸಿದ ಕ್ಷಣಕ್ಕೇ ಸರಿಯಾಗಿ ಎದುರು ಮನೆಯವರು ಚೀಟಿ ದುಡ್ಡಿನ ವಿಚಾರ ಮಾತಾಡಲು ಬರುತ್ತಾರೆ. ‘ಒಳಗೆ ಬನ್ನಿ’ ಎಂದರೆ ಕೇಕು ಹೋಯಿತು, ‘ಆಮೇಲೆ ಬನ್ನಿ’ ಎಂದರೆ ನಂಟು ಹೋಯಿತು. ನಾನು ಅವರ ಕೈಗೇ ಟಿನ್ನು ಕೊಟ್ಟು ಎಣ್ಣೆ ಸವರಿಸುತ್ತೇನೆ.

ಕೇಕು ಚೆನ್ನಾಗಿಯೇ ಆಗುತ್ತದೆ. ಆ ಸಂತೋಷಕ್ಕೆ ಕುಮಟೆಯ ತವರಿನಲ್ಲಿರುವ ಆಯಿಗೆ ಫೋನು ಮಾಡಿದರೆ, “ಅದೆಂತಾ ಹೊಸ್ತು ಮಾರಾಯ್ತಿ? ನಾವು ತವಸಳಿ ಮಾಡ್ತಿರಲಿಲ್ವಾ?” ಎಂದು ಗಾಳಿ ತೆಗೆದಳು. ಉತ್ತರ ಕನ್ನಡದ ಕರಾವಳಿಯ ತವಸಳಿಗೆ ಬೇಕಾದದ್ದು ಹುರಿದ ಅಕ್ಕಿ ತರಿ ಅಥವಾ ರವೆ, ತುರಿದ ಸೌತೆಕಾಯಿ, ಬೆಲ್ಲ, ಕಾಯಿತುರಿ, ಏಲಕ್ಕಿ. ಒಂದು ತೊಟ್ಟು ನೀರು ಬೇಡ, ಸೌತೆಕಾಯಿಯೇ ಬಿಟ್ಟುಕೊಳ್ಳುತ್ತದೆ. ಬಾಳೆಲೆ ಹಾಸಿದ ಪಾತ್ರೆಗೆ ಸುರಿದು ಮುಚ್ಚಿ, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ. ಅಂಗಡಿಯ ಒವನ್ನಿನಲ್ಲಿ ಮೇಲೊಂದು ಕೆಳಗೊಂದು ಕಾಯುವ ಕಡ್ಡಿ ಇರುವುದು ಇದೇ ಕಾರಣಕ್ಕೆ. ವ್ಯತ್ಯಾಸವೆಂದರೆ ಆಯಿಯ ಕೆಂಡ ಅನ್ನ ಬೇಯಿಸಿ ಉಳಿದದ್ದು, ಅದಕ್ಕೆ ಮೀಟರು ಇರಲಿಲ್ಲ. ಹಿತ್ತಲ ಬಳ್ಳಿಯಲ್ಲಿ ಸೌತೆ ಬಲಿತು ಯಾರಿಗೂ ಬೇಡವಾದಾಗಲೇ ಇದು ಆಗುತ್ತಿತ್ತು. ತಿರುಳು ತವಸಳಿಗೆ, ಬೀಜ ಅರೆದು ಸಾರಿಗೆ. ದಾಳಿಂಬೆ ತಿಂದರೆ ಸಿಪ್ಪೆ ತಂಬುಳಿಗೆ, ಕಲ್ಲಂಗಡಿ ತಿಂದರೆ ಒಳಸಿಪ್ಪೆಯ ಬಿಳಿಭಾಗ ದೋಸೆಗೆ. ನಮ್ಮ ತವರಿನ ದನಗಳು ಸಣಕಲಾಗಿದ್ದದ್ದು ಏಕೆಂದು ನನಗೆ ತಡವಾಗಿ ಅರ್ಥವಾಯಿತು.

ಅತ್ತೆಯವರ ಇಲಾಖೆಯ ಮಹಾಕಾವ್ಯ ಬಸ್ಸಾರು. ದಂಟಿನ ಸೊಪ್ಪು, ಹೆಸರುಕಾಳು ಒಟ್ಟಿಗೆ ಬೇಯಿಸಿ ನೀರು ಬಸಿದರೆ ಆ ಕಟ್ಟು ಸಾರಿಗೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ರುಬ್ಬಿ ಹಾಕುವುದು. ಬೆಂದ ಸೊಪ್ಪು-ಕಾಳಿನಲ್ಲಿ ಒಂದು ಹಿಡಿಯನ್ನು ರುಬ್ಬುವ ಖಾರಕ್ಕೇ ಸೇರಿಸಿ, ಮಿಕ್ಕದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಗೆ ಎರಡು ಅಡುಗೆ, ಮುದ್ದೆಗೂ ಆಯಿತು ಅನ್ನಕ್ಕೂ ಆಯಿತು, ಮಾರನೆಯ ದಿನ ರುಚಿ ಇನ್ನೂ ಹೆಚ್ಚು. ಕೆಲವರು ತರಕಾರಿ ಬೇಯಿಸಿದ ನೀರನ್ನು ಮೋರಿಗೆ ಚೆಲ್ಲಿ, ಅದೇ ನೀರಿನ ರುಚಿಗಾಗಿ ಸೂಪಿನ ಪೊಟ್ಟಣ ಕೊಳ್ಳುತ್ತಾರಂತೆ. ಈ ಸುದ್ದಿಯನ್ನು ನಾನು ಅತ್ತೆಗೆ ಹೇಳಿಲ್ಲ, ಅವರಿಗೆ ಬಿ.ಪಿ. ಇದೆ.

ಯಜಮಾನರಿಗೆ ಬಸ್ಸಾರು ಕಂಡರೆ ಪುಸ್ತಕ ತೆರೆಯುವ ಆಸೆ. ಒಂದು ಭಾನುವಾರ ಸೊಪ್ಪಿನ ಕಟ್ಟು ಇಷ್ಟು, ಕಾಳು ಇಷ್ಟು, ಗ್ಯಾಸು ಇಷ್ಟು ಎಂದು ಭಾಗಿಸಿ, ತಲೆಗೆ ಬೀಳುವ ಖರ್ಚನ್ನು ಹೆಮ್ಮೆಯಿಂದ ಓದಿದರು. “ರೀ, ಸೊಪ್ಪು ಬಿಡಿಸಿದ್ದು?” ಎಂದೆ. ದಂಟಿನ ಸೊಪ್ಪೆಂದರೆ ಎಲೆ ಬೇರೆ, ನಾರು ತೆಗೆದ ದಂಟು ಬೇರೆ, ಹುಳ ಬೇರೆ. ಮೂರು ನೀರಲ್ಲಿ ತೊಳೆದರೂ ನಾಲ್ಕನೇ ನೀರಿಗೆ ಮಣ್ಣು ಉಳಿದಿರುತ್ತದೆ. ಅವರು ಪೆನ್ನು ಎತ್ತದೆ ಉತ್ತರ ಕೊಟ್ಟರು: “ಅದು ಮನೆಯಲ್ಲೇ ಇರೋ ಸಾಮಗ್ರಿ.”

ಅತ್ತೆ ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು. ಮಗಳು ಫೋನು ಕೆಳಗಿಟ್ಟಳು, ಅದಂತೂ ನಮ್ಮ ಮನೆಯಲ್ಲಿ ಅಪರೂಪ. ನಾನು ಏನೂ ಹೇಳಲಿಲ್ಲ. ಎದ್ದು ಹೋಗಿ ಇನ್ನೊಂದು ಕಟ್ಟು ಸೊಪ್ಪನ್ನೂ ಮೊರವನ್ನೂ ತಂದು ಅವರ ಲೆಕ್ಕದ ಪುಸ್ತಕದ ಮೇಲಿಟ್ಟೆ. “ಕೂತ್ಕಂಡು ಸೋಸ್ಲಾ ಮಗಾ. ನಿಮ್ಮಪ್ಪನೂ ಸೋಸ್ತಿದ್ರು,” ಎಂದರು ಅತ್ತೆ. ಮಾವನವರು ಸೊಪ್ಪು ಸೋಸುತ್ತಿದ್ದದ್ದು ನಿಜವೋ ಅಲ್ಲವೋ, ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಇತಿಹಾಸ ಬೇಕಿರಲಿಲ್ಲ.

ಟಿ.ವಿ.ಯಲ್ಲಿ ಕ್ರಿಕೆಟ್ಟು ಒಂದು ಇನ್ನಿಂಗ್ಸು ಮುಗಿಯುವಷ್ಟು ಹೊತ್ತಾಯಿತು. ಕೇಕಿಗೆ ಮೊಸರು-ಸಕ್ಕರೆ ಕರಗುವ ತನಕ ತಿರುವುವ ಕೆಲಸವೂ ಆ ವಾರದಿಂದ ಅವರದೇ ಆಯಿತು, ಬೀಟರು ಕೊಳ್ಳಲು ಅವರೇ ಬಿಡಲಿಲ್ಲವಲ್ಲ. ಅಲ್ಲಿಂದೀಚೆಗೆ ಪುಸ್ತಕದಲ್ಲಿ ‘ಕೂಲಿ’ ಎಂಬ ಹೊಸ ಕಲಮು ತೆರೆದಿದೆ. ಮೊತ್ತ ಬರೆದಿಲ್ಲ. ಬರೆದರೆ ನಮ್ಮ ಅಗ್ಗದ ಅಡುಗೆಯೆಲ್ಲ ಒಂದೇ ದಿನಕ್ಕೆ ದುಬಾರಿಯಾಗುತ್ತದೆಂದು ತಪಾಸಣೆ ಮಾಡುವವರಿಗೆ ಗೊತ್ತಿಲ್ಲದಿರುತ್ತದೆಯೇ? ಕಡಿಮೆ ಖರ್ಚಿನ ಅಡುಗೆ ಎಂದು ಹೊಗಳಿಸಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಯಾರೋ ಒಬ್ಬರ ಬೆಳಗಿನ ಹೊತ್ತು, ಅದಕ್ಕೆ ರಸೀದಿ ಇರುವುದಿಲ್ಲ ಅಷ್ಟೇ.

ಇಷ್ಟಾದರೂ ಬೇಕರಿಯ ಮೇಲೆ ನನಗೆ ಹಗೆಯಿಲ್ಲ. ಮಿತವ್ಯಯದಲ್ಲಿ ಅಯ್ಯಂಗಾರ್ ಬೇಕರಿಗಳವರು ನಮ್ಮ ಅತ್ತೆಗಿಂತ ಕಡಿಮೆಯವರಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನ ಸೀಮೆಯ ತಿರುಮಲಾಚಾರ್ ಶುರುಮಾಡಿದ ಬಿ.ಬಿ. ಬೇಕರಿಯಿಂದ ಈ ಪರಂಪರೆ ಹೊರಟಿತೆನ್ನುತ್ತಾರೆ. ಮೊಟ್ಟೆ ಮುಟ್ಟದವರು ಬ್ರೆಡ್ಡಿನ ವಿದ್ಯೆ ಕಲಿತು ಊರೂರಿಗೆ ಹಬ್ಬಿಸಿದರು. ಬ್ರೆಡ್ಡನ್ನೇ ಮತ್ತೊಮ್ಮೆ ಬೇಯಿಸಿದರೆ ರಸ್ಕು. ಸ್ಪಂಜಿಗೆ ಸಿಹಿ ಪಾಕ ಕುಡಿಸಿ, ಜಾಮು ಬಳಿದು, ಒಣಕೊಬ್ಬರಿ ಉದುರಿಸಿದರೆ ಹನಿ ಕೇಕು. ದಿಲ್‌ಪಸಂದಿನೊಳಗೆ ಮಾಣಿಕ್ಯ, ಪಚ್ಚೆ ಎಂದು ಮಕ್ಕಳು ಹೆಕ್ಕಿ ತಿನ್ನುವ ಟೂಟಿ ಫ್ರೂಟಿ ನಮ್ಮ ಹಿತ್ತಲಿನ ಪರಂಗಿಕಾಯಿ. ಕಾಯಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ಬಣ್ಣ ಹಾಕಿದ ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದ್ದು. ಮಗನಿಗೆ ಇದನ್ನು ಹೇಳಿದ ಮೇಲೆ ಅವನು ಪರಂಗಿಕಾಯಿ ಪಲ್ಯವನ್ನು ಗೌರವದಿಂದ ನೋಡುತ್ತಾನೆ, ತಿನ್ನುವುದಿಲ್ಲ.

ಹಾಗಾಗಿ ಅಗ್ಗದ ಅಡುಗೆ ಹುಡುಕುವವರಿಗೆ ನನ್ನ ತೀರ್ಪು ಇಷ್ಟು. ಕೇಕನ್ನು ಮನೆಯಲ್ಲೇ ಮಾಡಿ, ಕುಕ್ಕರಿನಲ್ಲಿ ಮಾಡುವುದಾದರೆ ರಬ್ಬರು ತೆಗೆಯಲು ಮರೆಯಬೇಡಿ. ಸಂತೆಯಲ್ಲಿ ಬಲಿತ ಸೌತೆಕಾಯಿ ರಾಶಿ ಬಿದ್ದಾಗ ತವಸಳಿ ಮಾಡಿ, ಕೆಂಡವಿಲ್ಲದಿದ್ದರೆ ಇಡ್ಲಿ ಪಾತ್ರೆಯ ಹಬೆಯಲ್ಲೂ ಆಗುತ್ತದೆ. ಸೊಪ್ಪನ್ನು ಮನೆಮಂದಿಯೆಲ್ಲ ಕೂತು ಸೋಸಿ. ಖಾರಾ ಬನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಯೀಸ್ಟು ಉಬ್ಬಿಸಿ, ಹಿಟ್ಟು ನಾದಿ, ಎರಡು ಸಲ ಏರಿಸಿ, ಬೇಯಿಸಿ ತೆಗೆಯುವಷ್ಟರಲ್ಲಿ ಅದು ಬೇಕರಿಯದಕ್ಕಿಂತ ದುಬಾರಿ. ಸಂಜೆ ನಾಲ್ಕರ ಹೊತ್ತಿಗೆ ಬಿಸಿ ಟ್ರೇ ಹೊರಗೆ ಬರುತ್ತದೆ, ಆಗಲೇ ಹೋಗಿ. ಆರಕ್ಕೆ ಹೋದರೆ ರಸ್ಕು ಮಾತ್ರ ಸಿಗುತ್ತದೆ.