ಹುಲಿಹೈದರ: ಸ್ಥಾವರವೋ, ಜಂಗಮವೋ?

ಹುಲಿಹೈದರವೆಂಬ ಊರು ಸ್ಥಾವರವೋ ಜಂಗಮವೋ ಎಂಬ ಗಹನ ಪ್ರಶ್ನೆಯನ್ನು ವಿದ್ವಾಂಸರು ಕೈಗೆತ್ತಿಕೊಳ್ಳದ ಕಾರಣ, ಆ ಭಾರ ಪ್ರಸ್ತುತ ಪ್ರಬಂಧಕಾರನ ಹೆಗಲೇರಿದೆ.

ಕಣ್ಣಿಗೆ ಕಾಣುವಂತೆ ಊರು ಇದ್ದಲ್ಲೇ ಇದೆ. ಕಣ್ಣನ್ನು ನಂಬುವುದು ಸಂಶೋಧನೆಯಲ್ಲ; ಕಾಗದ ನೋಡಬೇಕು. 1956ರ ನವೆಂಬರ್ 1ರಂದು ಊರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಬಂತು. 1973ರಲ್ಲಿ ಕರ್ನಾಟಕ ತಲುಪಿತು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಕೊಪ್ಪಳಕ್ಕೆ ನಡೆಯಿತು. ಗಂಗಾವತಿ ತಾಲ್ಲೂಕಿನಲ್ಲಾದರೂ ನೆಲೆ ನಿಂತಿತೆಂದುಕೊಂಡರೆ, 2017ರ ಬಜೆಟ್ಟು ಕನಕಗಿರಿಯನ್ನು ತಾಲ್ಲೂಕು ಮಾಡಿ ಮತ್ತೆ ಗಂಟುಮೂಟೆ ಕಟ್ಟಿಸಿತು. 2019ರಲ್ಲಿ ಸೀಮೆಗೆ ಸೀಮೆಯೇ ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕಕ್ಕೆ ಹೋಯಿತು. ಇಷ್ಟು ತಿರುಗಿದ್ದಕ್ಕೆ ಪ್ರಯಾಣಭತ್ಯೆ ಸಂದ ಉಲ್ಲೇಖ ಎಲ್ಲೂ ಇಲ್ಲ.

ಕಾಲಗಣನೆಯೂ ಇಲ್ಲಿ ಬೇರೆ. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ಈ ನಿಜಾಮ ಸೀಮೆಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. 'ಫೈಲು ಮ್ಯಾಲಿಂದ ಬರಬೇಕ್ರೀ' ಎಂಬ ಸಿದ್ಧಾಂತಕ್ಕೆ ಇದೇ ಆದ್ಯ ನಿದರ್ಶನವೆನ್ನಬಹುದಿತ್ತು. ಆ ನಡುವೆ ನಿಜಾಮನ ಪರ ನಿಂತ ರಜಾಕಾರರ ಹಾವಳಿ ಉಂಡವರು ಇದಕ್ಕೆ ನಗಲಾರರು, ಆದ್ದರಿಂದ ಮುಂದಕ್ಕೆ.

ಶಾಸನಾಧಾರ: ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳಲ್ಲಿ ಅಶೋಕ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆಸಿದ್ದು ಇಂದಿಗೂ ತಿದ್ದುಪಡಿ ಬೇಡಿಲ್ಲ. ತಾಲ್ಲೂಕಿನ ಹೆಸರು ಹಾಕಿಸದಿದ್ದುದು ಚಕ್ರವರ್ತಿಯ ದೂರದೃಷ್ಟಿ. ಕಿರಾಣಿ ಅಂಗಡಿಯವರಿಗೆ ಅಷ್ಟು ದೂರ ಕಾಣಲಿಲ್ಲ. 'ತಾ॥ ಕನಕಗಿರಿ' ಎಂದು ಹೊಸದಾಗಿ ಬರೆಸಿದ ಬೋರ್ಡಿನಡಿ ಗಂಗಾವತಿಯ 'ಗ' ಇಣುಕುತ್ತದೆ. ಇನ್ನೂ ಉಜ್ಜಿದರೆ ರಾಯಚೂರು ಸಿಗಬಹುದೆಂದು ಪ್ರಬಂಧಕಾರ ಉಗುರು ಹಾಕಿದಾಗ ಮಾಲೀಕರು ಉತ್ಖನನಕ್ಕೆ ಅನುಮತಿ ನಿರಾಕರಿಸಿದರು.

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆಯನ್ನೂ ಪರಿಷ್ಕರಿಸಬೇಕಿದೆ. ಕನಕಾಚಲಪತಿಯ ಗುಡಿಗೆ ಕಣ್ಣು ಸಾಕು; ತಹಶೀಲ್ದಾರ್ ಕಚೇರಿಗೆ ಕಾಲೂ ಬೇಕು.

ಒಂದು ವಿಷಯ ಮಾತ್ರ ಸಿದ್ಧಾಂತಕ್ಕೆ ಒಗ್ಗದು. ಇಷ್ಟೆಲ್ಲ ಸಂಚರಿಸಿದ ಊರು, ಗಂಗಾವತಿ-ಕಾರಟಗಿ ಕಡೆಯ ಭತ್ತದ ಗದ್ದೆಗೆ ಹರಿಯುವ ತುಂಗಭದ್ರಾ ಎಡದಂಡೆ ಕಾಲುವೆಯ ಹತ್ತಿರಕ್ಕೆ ಒಮ್ಮೆಯೂ ಸರಿಯಲಿಲ್ಲ. ಈ ಕಡೆಯ ಸಜ್ಜೆ ಹೊಲ ಮಳೆರಾಯನನ್ನೇ ನೆಚ್ಚಿದೆ.

ಕಟ್ಟೆಯ ಮೇಲೆ ಮಿರ್ಚಿ ತಿನ್ನುತ್ತಿದ್ದ ಹಿರಿಯರೊಬ್ಬರ ಮುಂದೆ ಪ್ರಬಂಧ ಮಂಡಿಸಲಾಯಿತು.

"ಊರು ಎಲ್ಲಿಗೂ ಹೋಗಿಲ್ರೀ ಸರ. ಆಫೀಸು ಅಡ್ಡಾಡ್ಯಾವು. ಅವುಗಳ ಬೆನ್ನ ಹಿಂದ ನಾವು ಅಡ್ಡಾಡೀವಿ."

ಹೀಗೆಂದು ಕೈಚೀಲದಿಂದ ಮೂರು ಕಾಗದ ತೆಗೆದರು: ರಾಯಚೂರು ಜಿಲ್ಲೆಯ ಶಾಲಾ ದಾಖಲೆ, ಗಂಗಾವತಿ ತಾಲ್ಲೂಕಿನ ಆಧಾರ್, ಕನಕಗಿರಿಯ ಪಹಣಿ. ಮೂರರಲ್ಲಿರುವವನೂ ತಾನೊಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕಿತ್ತಂತೆ. ಪ್ರಬಂಧಕಾರ ಸಾಕ್ಷಿ ಸಹಿ ಹಾಕುತ್ತಾನೇನು ಎಂದು ಕೇಳಿದರು.