ಭಾನುವಾರದ ಸುತ್ತಿಗೆ

ಮ್ಯೂನಿಕ್‌ನಲ್ಲಿರುವ ಮಗಳ ಅಡಿಗೆಮನೆಯ ಶೆಲ್ಫು, ನಾವು ಊರಿಂದ ಹೊತ್ತೊಯ್ದ ಉಪ್ಪಿನಕಾಯಿ ಭರಣಿಗಳ ಭಾರ ತಾಳಲಾರದೆ ಒಂದು ಶನಿವಾರ ರಾತ್ರಿ ಧೊಪ್ಪನೆ ಕಳಚಿ ಬಿತ್ತು. ಮಾವಿನ ಮಿಡಿಗಳು ಫ್ರಿಜ್ಜಿನ ಅಡಿವರೆಗೂ ಉರುಳಿದವು. ಬೆಳಗ್ಗೆ ಎದ್ದವನೇ ಸುತ್ತಿಗೆ ಹುಡುಕಿದರೆ, ಮಗಳು ಅದನ್ನು ಬಚ್ಚಿಟ್ಟಿದ್ದಾಳೆ! "ಅಪ್ಪಾ, ಇವತ್ತು ಭಾನುವಾರ." ಅಮಾವಾಸ್ಯೆ ಅಂದಿದ್ದರೂ ಅರ್ಥವಾಗುತ್ತಿತ್ತು.

ಅಲ್ಲಿ ಭಾನುವಾರ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವಂತೆಯೂ ಇಲ್ಲ. ಠಣ್ ಅನ್ನುತ್ತದಲ್ಲ! ಇದೇನು ಅಪಾರ್ಟ್‌ಮೆಂಟ್ ಕಾರ್ಯದರ್ಶಿಯ ದರ್ಬಾರಲ್ಲ. ಭಾನುವಾರದ ವಿಶ್ರಾಂತಿಯನ್ನು 1919ರ ವೈಮರ್ ಸಂವಿಧಾನದಲ್ಲೇ ಬರೆದಿಟ್ಟು, 1949ರ ಸಂವಿಧಾನಕ್ಕೂ ಹಾಗೇ ಎತ್ತಿಕೊಂಡಿದ್ದಾರೆ. ನಡುವಿನ ಮೂವತ್ತು ವರ್ಷಗಳಲ್ಲಿ ಆ ದೇಶದ ಮೇಲೆ ಏನೆಲ್ಲ ಹಾದುಹೋಯಿತು, ಭಾನುವಾರ ಮಾತ್ರ ಉಳಿದುಕೊಂಡಿತು. ನನಗಿದು ಗೃಹಬಂಧನ ಅನ್ನಿಸಿತು. ಮೇಲಿನ ಮಹಡಿಯ ಅಜ್ಜಿಗೆ ಇದೇ ಸ್ವಾತಂತ್ರ್ಯ: ವಾರಕ್ಕೊಂದು ದಿನ ಯಾರ ಗದ್ದಲವನ್ನೂ ಕೇಳಿಸಿಕೊಳ್ಳದೆ ಕಾಫಿ ಕುಡಿಯುವ ಹಕ್ಕು.

ಹಾಗಂತ ಜರ್ಮನರು ಕಟ್ಟುಪಾಡಿನ ಮಂದಿ ಅಂದುಕೊಂಡಿರೋ, ನಮ್ಮ ಅಳಿಯನ ಕಾರು ಹತ್ತಿ ನೋಡಿ. ಆಟೋಬಾನ್ ಹೆದ್ದಾರಿಯ ಬಹುಭಾಗದಲ್ಲಿ ವೇಗಕ್ಕೆ ಮಿತಿಯೇ ಇಲ್ಲ, 130 ಕಿ.ಮೀ. ಒಳ್ಳೆಯದು ಎಂಬ ಸಲಹೆ ಉಂಟಷ್ಟೆ. ಮಿತಿ ಹಾಕೋಣ ಎಂದು ಯಾರಾದರೂ ಬಾಯಿಬಿಟ್ಟರೆ, ಸ್ವಾತಂತ್ರ್ಯವೇ ಹೋಯಿತೆಂದು ಹುಯಿಲು. ಮುಳ್ಳು 180 ಮುಟ್ಟಿದಾಗ ನಾನು ಕಿಟಕಿಯ ಮೇಲಿನ ಹಿಡಿಗೆ ಜೋತುಬಿದ್ದು ರಾಯರನ್ನು ನೆನೆದೆ. ಅಂದೂ ಭಾನುವಾರವೇ, ಆದ್ದರಿಂದ ಮನಸ್ಸಿನಲ್ಲೇ.

ಅವರದೊಂದು ವಿನಾಯಿತಿ ಮಾತ್ರ ನನಗೆ ಬಹಳ ಹಿಡಿಸಿತು. ಶಿಶುವಿಹಾರ, ಆಟದ ಮೈದಾನಗಳ ಗಲಾಟೆ ಸಹಿಸದೆ ನೆರೆಯವರು ಕೋರ್ಟು ಹತ್ತತೊಡಗಿದಾಗ, 2011ರಲ್ಲಿ ಕಾನೂನನ್ನೇ ತಿದ್ದಿದರು: ಅಲ್ಲಿನ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಉಪದ್ರವವೆಂದು ಎಣಿಸಕೂಡದು. ನನ್ನ ಮೊಮ್ಮಗ ಜಾರುಬಂಡೆಯ ತುದಿಯಲ್ಲಿ ನಿಂತು ಈ ಹಕ್ಕನ್ನು ಅತ್ಯಂತ ನಿಷ್ಠೆಯಿಂದ ಚಲಾಯಿಸುತ್ತಾನೆ.

ನಮ್ಮಲ್ಲೋ, ಸದ್ದು ಮಾಡದ ಸ್ವಾತಂತ್ರ್ಯ ಉಪ್ಪಿಲ್ಲದ ಸಾರು. ಕಾನೂನೇನೋ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆಂದು ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲ ಬಿಡಬಹುದು. ಗಣೇಶನ ಚಂದಾ ಎತ್ತಲು ಬಂದ ಹುಡುಗರಿಗೆ ಇದನ್ನೆಲ್ಲ ವಿವರಿಸಿದೆ. "ಹೌದಾ ಅಂಕಲ್?" ಎಂದು ವಿನಯದಿಂದ ಕೇಳಿ ರಸೀತಿ ಹರಿದುಕೊಟ್ಟರು. ಸ್ಪೀಕರಿನ ಬಾಯನ್ನು ಒಂಚೂರು ಹಿಂದಿನ ಬೀದಿಯ ಕಡೆಗೆ ತಿರುಗಿಸಿರಪ್ಪಾ ಅಂತಷ್ಟೇ ಬೇಡಿಕೊಂಡೆ. ಹಿಂದಿನ ಬೀದಿಯವರು ಆಗಲೇ ಎರಡು ಪಟ್ಟು ಚಂದಾ ಕೊಟ್ಟು, ನಮ್ಮ ಕಡೆಗೆ ತಿರುಗಿಸಲು ಹೇಳಿದ್ದಾರಂತೆ.